ಮಡಿಯ ದಿನದ ಎಂಜಲು

ಉಗುಳುವುದಕ್ಕೂ ಒಂದು ಒಳ್ಳೆಯ ದಿನ ನೋಡಬೇಕು ಎಂಬುದು ವಂಶನಿಧಿಯ ದೊಡ್ಡ ತಲೆಗಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅವರು ನೂಲಿಹಾಳಕ್ಕೆ ಶ್ರಾವಣದ ಕಡೆಯ ಸೋಮವಾರ ಬರುತ್ತಿರಲಿಲ್ಲ. ಮರುದಿನ ಬಂದಿದ್ದರೂ ಸಾಕಿತ್ತು, ಒಬ್ಬ ತಾಯಿಯ ಹೊಟ್ಟೆ ಉರಿಯುವುದು ತಪ್ಪುತ್ತಿತ್ತು.

ನೂಲಿಹಾಳ ಬಾದಾಮಿಯ ಆಚೆಗಿನ ನೇಕಾರರ ಊರು. ಅಲ್ಲಿಯ ಜನ ಸೀರೆಯನ್ನು ದೇಶಕ್ಕೆಲ್ಲ ಮಾರುತ್ತಾರೆ, ಹೆಣ್ಣನ್ನು ಮಾತ್ರ ಊರ ಹೊರಗೆ ಕೊಡುವುದಿಲ್ಲ. ಅಕ್ಕನ ಮಗಳು ತಮ್ಮನಿಗೆ, ಸೋದರಮಾವನ ಮಗಳು ಅಳಿಯನಿಗೆ. ಹೀಗೆ ತಲೆಮಾರುಗಳಿಂದ ಊರೆಂಬುದೇ ಒಂದು ಮನೆಯಾಗಿ ಹೋಗಿದೆ. ಜಗಳವಾದರೆ ಬಿಡಿಸಲು ಮೂರನೆಯವರು ಸಿಗುವುದಿಲ್ಲ, ಎಲ್ಲರೂ ಎರಡೂ ಕಡೆಗೆ ನೆಂಟರೇ. ಈ ನಂಟಿನ ಜೊತೆಗೆ ಒಂದು ಬೇನೆಯೂ ಉಳಿದು ಬಂದಿತ್ತು. ಹುಟ್ಟುವಾಗ ಕೆಂಪಗೆ ಗುಂಡಗೆ ಇದ್ದ ಕೂಸು ನಾಲ್ಕು ತಿಂಗಳಾದರೂ ಕತ್ತು ನಿಲ್ಲಿಸುತ್ತಿರಲಿಲ್ಲ. ಆಮೇಲೆ ಕೈ ಸೋಲುತ್ತಿತ್ತು, ಆಮೇಲೆ ಕಾಲು, ಕಡೆಗೆ ಉಸಿರು. ಊರವರು ಅದಕ್ಕೆ 'ಕತ್ತಿನ ಬೇನೆ' ಎಂದು ಹೆಸರಿಟ್ಟು, ದೇವಿಯ ಸಿಟ್ಟು ಎಂದು ಸುಮ್ಮನಾಗಿದ್ದರು. ಒಂದು ಕೂಸನ್ನಾದರೂ ಮಣ್ಣು ಮಾಡದ ಮನೆ ಓಣಿಗೆ ಒಂದೆರಡು ಸಿಕ್ಕರೆ ಹೆಚ್ಚು.

ವಂಶನಿಧಿ ಎಂದರೆ ಧಾರವಾಡದ ಹೊರಗೆ ಕಟ್ಟಿದ್ದ ಡಿಎನ್‌ಎ ಬ್ಯಾಂಕು. ಜನರ ಜೊಲ್ಲನ್ನು ಹಿಮಕ್ಕಿಂತ ತಣ್ಣನೆಯ ಪೆಟ್ಟಿಗೆಗಳಲ್ಲಿಟ್ಟು, ಅದರೊಳಗಿನ ವಂಶದ ಬರಹವನ್ನು ಓದಿ, ಔಷಧ ಮಾಡುವ ಕಂಪನಿಗಳಿಗೆ ಮಾರುವುದು ಅದರ ವ್ಯಾಪಾರ. ಬೆರಕೆಯಾಗದ ಊರು ಸಿಕ್ಕರೆ ಅವರಿಗೆ ಹಬ್ಬ, ಏಕೆಂದರೆ ಅಂಥಲ್ಲಿ ಒಂದು ಬೇನೆಯ ಮೂಲ ಹುಡುಕುವುದು ಸುಲಭ. ನೂಲಿಹಾಳದ ಬನಶಂಕರಿ ಗುಡಿಯ ಕಟ್ಟೆಯ ಮೇಲೆ ನಿಂತು ಡಾಕ್ಟರ್ ವಸುಮತಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹಾಸನದ ಕಡೆಯ ಹೆಣ್ಣು, ಬ್ಯಾಂಕಿನ ದಾಖಲೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ.

"ನಮ್ಮ ಮೈಯಲ್ಲಿ ಪ್ರತಿಯೊಂದು ಗುಣಕ್ಕೂ ಎರಡೆರಡು ಪ್ರತಿ ಇರುತ್ತೆ. ಒಂದು ಅಪ್ಪ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಒಂದು ಕೆಟ್ಟಿದ್ರೂ ಇನ್ನೊಂದು ಸಂಭಾಳಿಸುತ್ತೆ. ಎರಡೂ ಕಡೆಯಿಂದ ಕೆಟ್ಟದ್ದೇ ಬಂದ್ರೆ ಮಾತ್ರ ಮಗುವಿಗೆ ಈ ಕಾಯಿಲೆ. ನೀವು ಒಂದು ಸಲ ಜೊಲ್ಲು ಕೊಡಿ ಸಾಕು. ಔಷಧ ಬಂದ ಮೇಲೆ ಈ ಊರಿನ ಮಕ್ಕಳಿಗೆಲ್ಲ ಪುಕ್ಕಟೆ."

ಪುಕ್ಕಟೆ ಎಂಬ ಮಾತಿಗೆ ಕೆಲವರು ತಲೆ ಅಲ್ಲಾಡಿಸಿದರು. ಕೂಸು ಕಳೆದುಕೊಂಡವರು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ, 'ಔಷಧ' ಎಂಬಲ್ಲಿಗೇ ಅವರ ಕಣ್ಣು ತುಂಬಿತ್ತು. ಐವತ್ತು ದಾಟಿದವರ ಜೊಲ್ಲು ಬೇಡ, ಇನ್ನು ಹೆರುವ ಹುಟ್ಟಿಸುವ ವಯಸ್ಸಿನವರದು ಮಾತ್ರ ಸಾಕು ಎಂದರು. ಮನೆಮನೆಗೆ ಹೆಸರು ಬರೆದ ನಳಿಕೆಗಳನ್ನು ಹಂಚಿ, ಸೋಮವಾರ ಬೆಳಿಗ್ಗೆಯೇ ತುಂಬಿ ಊಟದ ಹೊತ್ತಿನೊಳಗೆ ಕೊಡಬೇಕು ಎಂದು ಹೇಳಿ ಹೋದರು.

ಶ್ರಾವಣದ ಕಡೆಯ ಸೋಮವಾರ ಆ ಊರಿನಲ್ಲಿ ಬನಶಂಕರಿಗೆ ಎಡೆ. ಎಡೆ ಮಾಡುವವಳು ಮನೆಯ ಕಿರಿ ಸೊಸೆ. ಅವಳು ಒದ್ದೆ ಸೀರೆಯಲ್ಲಿ ಮಡಿಯಿಂದ ಒಲೆಯ ಮುಂದೆ ಕೂತರೆ, ಎಡೆ ಗುಡಿ ಮುಟ್ಟುವ ತನಕ ನೀರು ಕುಡಿಯುವಂತಿಲ್ಲ, ಉಗುಳುವಂತಿಲ್ಲ. ಎಂಜಲಾಯಿತೆಂದರೆ ಮುಗಿಯಿತು, ಮತ್ತೆ ತಲೆಯ ಮೇಲೆ ನೀರು, ಮತ್ತೆ ಹೊಸ ಒಲೆ.

ಆ ವರ್ಷ ಶಂಕ್ರವ್ವನ ಮನೆಯಲ್ಲಿ ಎಡೆ ದಾನೇಶ್ವರಿಯದು. ಅವಳು ಶಂಕ್ರವ್ವನ ದೊಡ್ಡ ಮಗಳ ಮಗಳು. ಹೋದ ಮಾಘದಲ್ಲಿ ಅವಳನ್ನು ಶಂಕ್ರವ್ವನ ಮಗ ಈರಣ್ಣನಿಗೆ, ಅಂದರೆ ಅವಳ ಸೋದರಮಾವನಿಗೇ, ಕೊಟ್ಟು ಮದುವೆ ಮಾಡಿದ್ದರು. ಗಂಡನನ್ನು ಅವಳು ಇನ್ನೂ 'ಮಾಮಾ' ಎಂದೇ ಕರೆಯುತ್ತಿದ್ದಳು, ಅತ್ತೆಯನ್ನು 'ಆಯಿ' ಎಂದು. ಆ ಕಡೆ ಅಜ್ಜಿಗೆ ಹಾಗೆ ಕರೆಯುತ್ತಾರೆ.

ಕಡಬು ಬೇಯುತ್ತಿತ್ತು. ಬೀದಿಯಲ್ಲಿ ಬ್ಯಾಂಕಿನ ಗಾಡಿ ಹಾರ್ನ್ ಹಾಕತೊಡಗಿತು.

"ಏ ದಾನವ್ವಾ, ನಳಿಗಿ ತುಂಬಿಲ್ಲೇನ? ಗಾಡಿ ಹೊಂಟೈತಿ ನೋಡು," ಎಂದು ಶಂಕ್ರವ್ವ ಪಡಸಾಲೆಯಿಂದ ಕೂಗಿದಳು.

"ಮಡಿಲೆ ಅದೀನಿ ಆಯಿ. ಎಂಜಲ ಹ್ಯಾಂಗ ಮಾಡ್ಲಿ? ನಾಳೆ ಕೊಟ್ರ ನಡೀತದೇನ ಕೇಳು."

"ನಾಳೆ ಅವ್ರು ಬಾಗಲಕೋಟಿಗೆ ಹೊಕ್ಕಾರಂತ. ತಾ ಇಲ್ಲೆ, ನಾ ತುಂಬ್ತೀನಿ."

"ನಿಂದ್ಯಾಕ? ಅದ್ರ ಮ್ಯಾಲ ನನ್ನ ಹೆಸರ ಐತಿ."

"ಹೆಸರ ಇದ್ರ ಏನಾತು? ನೀ ನನ್ನ ಮಗಳ ಹೊಟ್ಯಾಗ ಹುಟ್ಟಿದಾಕಿ, ಮ್ಯಾಲ ನನ್ನ ಸೊಸಿ. ನನ್ನ ರಕ್ತ ಬ್ಯಾರೆ ನಿನ್ನ ರಕ್ತ ಬ್ಯಾರೆ ಏನಲೇ? ಐವತ್ತ ದಾಟೇತಿ ಅಂತ ನನ್ನ ಒಬ್ಬಾಕಿನ್ನ ಕಸದಂಗ ತಗದ ಒಗದಾರ. ನನ್ನ ಬಾಯಾಗ ಏನ ವಿಷ ಐತೇನ?"

ಮುದುಕಿಗೆ ಅದೇ ಸಿಟ್ಟು. ಮೈದುನನ ಕೂಸನ್ನು ತನ್ನ ಕಾಲ ಮೇಲೆ ಎರೆದು ಸಾಕಿ ಕತ್ತಿನ ಬೇನೆಗೆ ಕೊಟ್ಟವಳು ಅವಳು. ಔಷಧಕ್ಕೆ ನನ್ನದೂ ಒಂದು ಪಾಲಿರಲಿ ಎಂದು ಅವಳಿಗೆ ಎಷ್ಟು ಆಸೆಯಿತ್ತೋ ಬಲ್ಲವರಾರು. ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿಕೊಂಡು, ಗೆರೆಯ ತನಕ ನಳಿಕೆ ತುಂಬಿಸಿದಳು. ಸಂಜೆ ಈರಣ್ಣನಿಗೆ ಇದನ್ನು ಹೇಳಿ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಡಿಯೂ ಉಳಿಯಿತು, ಕೆಲಸವೂ ಆಯಿತು ಎಂದು ಈರಣ್ಣನೂ ನಕ್ಕ.

ಧಾರವಾಡದಲ್ಲಿ ವಸುಮತಿಯ ಕೋಣೆಯ ಗೋಡೆಯ ತುಂಬ ಪರದೆಗಳು. ನೂಲಿಹಾಳದ ಬರಹಗಳು ಒಂದೊಂದಾಗಿ ಓದಿ ಮುಗಿದಂತೆ ಅಲ್ಲಿ ಕೆಂಪು ದೀಪಗಳು ಹತ್ತತೊಡಗಿದವು. ಗಂಡ ಹೆಂಡತಿಯ ರಕ್ತ ಹತ್ತಿರದ್ದಾಗಿದ್ದರೆ ಯಂತ್ರ ಎಚ್ಚರಿಸಬೇಕು, ಅದರ ಲೆಕ್ಕ ಹಾಗಿತ್ತು. ಬೇರೆ ಊರಿನಲ್ಲಿ ದಿನಕ್ಕೊಂದು ಹತ್ತುವ ದೀಪ ಇಲ್ಲಿ ಮನೆಗೊಂದು ಹತ್ತಿತು. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಮೊದಮೊದಲು ಒಂದೊಂದನ್ನೂ ತೆರೆದು ನೋಡಿದಳು. ಸೋದರಮಾವ, ಅಕ್ಕನ ಮಗಳು. ಮಾವ, ಸೊಸೆ. ಮಾವ, ಸೊಸೆ. ಅತ್ತೆಯ ಮಗ. ಮತ್ತೆ ಮಾವ, ಸೊಸೆ. ನಿರ್ದೇಶಕ ಪ್ರಭಂಜನ್ ಕೋಣೆಯ ಬಾಗಿಲಿಗೆ ಬಂದು ನಿಂತ.

"ಏನ್ ಮೇಡಂ, ಇನ್ನೂ ಮುಗೀಲಿಲ್ವಾ? ಕೊಳ್ಳೋರು ಕಾಯ್ತಿದ್ದಾರೆ. 'ಒಂದೂ ತಪ್ಪಿಲ್ಲ' ಅಂತ ನಾವು ಪ್ರಮಾಣಪತ್ರ ಕೊಟ್ಟ ಮೇಲೇ ಅವರು ಔಷಧದ ಕೆಲಸ ಶುರು ಮಾಡೋದು."

"ಸಂಬಂಧದ ಎಚ್ಚರಿಕೆ ನಿಲ್ತಾನೇ ಇಲ್ಲ ಸರ್. ಇಡೀ ಊರೇ ಒಳಗೊಳಗೆ ಮದುವೆ."

"ಗೊತ್ತಿರೋ ವಿಷಯ ತಾನೆ? ಅದಕ್ಕೇ ಅಲ್ವಾ ಆ ಊರಿಗೆ ಹೋಗಿದ್ದು? ಆ ಊರಿನ ಮಟ್ಟಿಗೆ ಎಚ್ಚರಿಕೆ ಆರಿಸಿಬಿಡಿ."

ಅವಳು ಆರಿಸಿದಳು. ಆರಿಸಿದ ಮೇಲೆ ಪರದೆ ಹಸಿರಾಯಿತು, ತಲೆನೋವು ಇಳಿಯಿತು. ಯಂತ್ರದ ಬುದ್ಧಿಯೇ ಹಾಗೆ, ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟುತ್ತದೆ. ಕಟ್ಟಬೇಡ ಎನ್ನಲು ಇದ್ದ ಒಂದು ಬಾಯಿಯನ್ನೂ ಅವಳು ಅಂದು ಮುಚ್ಚಿದಳು.

ಕೆಲವು ವರ್ಷಗಳಲ್ಲಿ ಔಷಧವೇನೋ ಬಂತು. ಆ ಮಾತಿಗೆ ಬ್ಯಾಂಕು ತಪ್ಪಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೂಸು ಅಂಬೆಗಾಲಿಕ್ಕುವ ವಯಸ್ಸಿಗೆ ಮುಂಚೆ, ಬೇನೆ ಕಾಣಿಸುವ ಮೊದಲೇ, ಒಂದು ಚುಚ್ಚುಮದ್ದು. ಆಮೇಲೆ ಐದು ತುಂಬುವ ತನಕ ವರ್ಷಕ್ಕೊಂದು. ಬೇಗ ಕೊಟ್ಟ ಮಕ್ಕಳು ಬೀದಿಯಲ್ಲಿ ಓಡಾಡಿದವು. ಬ್ಯಾಂಕು ಇನ್ನೊಂದು ಅನುಕೂಲವನ್ನೂ ಮಾಡಿತ್ತು. ನೂಲಿಹಾಳದ ಕೂಸು ಹುಟ್ಟಿದೊಡನೆ ಅದರ ಹಿಮ್ಮಡಿ ಚುಚ್ಚಿ ರಕ್ತ ನೋಡುವುದನ್ನು ನಿಲ್ಲಿಸಿತು. ಅಪ್ಪ ಅವ್ವನ ಬರಹ ಬ್ಯಾಂಕಿನಲ್ಲಿ ಇದ್ದೇ ಇದೆ. ಇಬ್ಬರಲ್ಲಿ ಒಬ್ಬರದು ಚೊಕ್ಕವಾಗಿದ್ದರೂ ಕೂಸಿಗೆ ಬೇನೆ ಬರಲು ಸಾಧ್ಯವಿಲ್ಲ. ಸುಮ್ಮನೆ ಕೂಸಿಗೇಕೆ ನೋವು? ಖರ್ಚು ಉಳಿಸುವವರು ಹೀಗೆ ಕರುಣೆಯ ಮಾತಾಡಿದಾಗ ಹುಷಾರಾಗಿರಬೇಕು.

ಈರಣ್ಣನ ಬರಹದಲ್ಲಿ ಒಂದು ಕೆಟ್ಟ ಪ್ರತಿ ಇತ್ತು. ದಾನೇಶ್ವರಿಯ ಹೆಸರಿನ ಬರಹ ಚೊಕ್ಕವಾಗಿತ್ತು. ಹಾಗಾಗಿ ಅವರ ಮಗಳು ಬನಶ್ರೀ ಹುಟ್ಟಿದಾಗ ನರ್ಸಿನ ಕೈಯ ಪರದೆಯ ಮೇಲೆ ಹಸಿರು ಎಲೆಯ ಗುರುತು ಮೂಡಿತು.

"ಪರೀಕ್ಷೆ ಬೇಡಂತ. ಪುಣ್ಯವಂತರು ನೀವು," ಎಂದಳು ನರ್ಸು.

ಶಂಕ್ರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಹಸಿರು ಎಲೆ ತನ್ನ ಜೊಲ್ಲಿನದು ಎಂಬುದು ಅವಳ ನೆನಪಿನಲ್ಲೇ ಇರಲಿಲ್ಲ. ಕೆಟ್ಟ ಪ್ರತಿ ಬಂದದ್ದು ಅವಳಿಂದಲ್ಲ, ಅವಳ ಗಂಡನಿಂದ. ಮುದುಕ ಅದನ್ನು ಮಗ ಈರಣ್ಣನಿಗೂ ಕೊಟ್ಟಿದ್ದ, ಹಿರಿಯ ಮಗಳಿಗೂ ಕೊಟ್ಟಿದ್ದ. ಆ ಮಗಳಿಂದ ಅದು ದಾನೇಶ್ವರಿಗೆ ಬಂದಿತ್ತು. ಎರಡು ದಾರಿಯಿಂದ ಹೊರಟದ್ದು ಕೂಸಿನಲ್ಲಿ ಬಂದು ಕೂಡಿತ್ತು.

ಕೂಸಿಗೆ ಎರೆಯುವುದು ಶಂಕ್ರವ್ವನ ಕೆಲಸ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಿದ್ದಳು. ಬೋರಲು ಹಾಕಿದ ಕೂಸು ಮೂರು ನಾಲ್ಕು ತಿಂಗಳಿಗೆ ತಲೆ ಎತ್ತಿ ಅಳಬೇಕು, ನೀರು ಬೇಡವೆಂದು ರಂಪ ಮಾಡಬೇಕು. ಬನಶ್ರೀ ಬಹಳ ಒಳ್ಳೆಯ ಕೂಸು, ಸುಮ್ಮನೆ ಕೆನ್ನೆಯೂರಿ ಮಲಗುತ್ತಿತ್ತು. ಒಂದು ಬೆಳಿಗ್ಗೆ ಶಂಕ್ರವ್ವ ಅದನ್ನು ಎತ್ತಿ ಕೂರಿಸಿ ಕೈ ಸಡಿಲಿಸಿದಳು. ತಲೆ ಹಿಂದಕ್ಕೆ ಬಿತ್ತು. ಮತ್ತೆ ಕೂರಿಸಿದಳು. ಮತ್ತೆ ಬಿತ್ತು.

ತಂಬಿಗೆ ಬಚ್ಚಲಲ್ಲಿ ಉರುಳಿದ ಸದ್ದಿಗೆ ದಾನೇಶ್ವರಿ ಓಡಿ ಬಂದಳು.

"ಯಾಕ ಆಯಿ? ಏನಾತು?"

ನಲವತ್ತು ವರ್ಷದ ಹಿಂದೆ ಇದೇ ಬಚ್ಚಲಲ್ಲಿ, ಇದೇ ಕಾಲುಗಳ ಮೇಲೆ, ಶಂಕ್ರವ್ವ ಇದೇ ತಲೆಯನ್ನು ಹಿಡಿದಿದ್ದಳು. ಒದ್ದೆ ಕೂಸನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಅತ್ತೆ ಅತ್ತದ್ದನ್ನು ದಾನೇಶ್ವರಿ ಅದುವರೆಗೆ ನೋಡಿರಲಿಲ್ಲ. ಅದರಿಂದಲೇ ಅವಳಿಗೆ ಎಲ್ಲ ತಿಳಿಯಿತು.

ವಂಶನಿಧಿಯಲ್ಲಿ ಕೂಸಿನ ರಕ್ತ ನೋಡಿದರು. ಎರಡೂ ಪ್ರತಿ ಕೆಟ್ಟಿದ್ದವು. ಈಗಲೂ ಔಷಧ ಕೊಡಬಹುದು, ಆದರೆ ದಿನ ಕಳೆದಷ್ಟೂ ಕೂಸು ಕಳೆದುಕೊಳ್ಳುವುದು ಹೆಚ್ಚು ಎಂದರು. ಹಾಗಿದ್ದರೆ ಕೊಡಿ ಎಂದರೆ ಯಂತ್ರ ಔಷಧ ಬಿಡಲೊಲ್ಲದು. ಎದುರು ಕೂತ ಅಧಿಕಾರಿ ಪರದೆಯನ್ನು ಈರಣ್ಣನ ಕಡೆ ತಿರುಗಿಸಿ, ದನಿ ತಗ್ಗಿಸಿ ಹೇಳಿದ.

"ನೋಡ್ರಿ, ತಾಯಿ ಕಡಿಂದ ಇದಕ್ಕ ಕೆಟ್ಟ ಪ್ರತಿ ಬರಾಕ ಸಾಧ್ಯನ ಇಲ್ಲ. ದಾಖಲಿ ಪ್ರಕಾರ ಈ ಕೂಸು ನಿಮ್ಮದು ಹೌದು. ಈ ಅಕ್ಕಾರದು ಅಲ್ಲ."

ಈರಣ್ಣನ ಮುಖ ಕೆಂಪಾಯಿತು. "ಏನ್ ಮಾತಾಡ್ತೀರಿ? ಆಕಿ ಹಡಿಯೂಮುಂದ ಬಾಗಲದಾಗ ನಾ ನಿಂತಿದ್ನಿ. ನಿಮ್ಮ ದಾಖಲಿ ನಿಂತಿತ್ತೇನು?"

ದಾನೇಶ್ವರಿಗೆ ಸಿಟ್ಟು ಬರಲಿಲ್ಲ. ಅಷ್ಟು ಹೊತ್ತೂ ಅವಳು ಕೂಸಿನ ಕತ್ತಿನ ಕೆಳಗೆ ಅಂಗೈ ಹಿಡಿದೇ ಕೂತಿದ್ದಳು. ಮಾತಾಡಿದವಳು ಶಂಕ್ರವ್ವ.

"ಆಕಿಂದ ತಪ್ಪಿಲ್ರಿ ಸಾಹೇಬ್ರ. ಅವತ್ತ ಆಕಿ ಮಡಿಲೆ ಇದ್ಲು. ಆಕಿ ನಳಿಗಿಯೊಳಗ ಉಗುಳಿದಾಕಿ ನಾನು."

ಸುದ್ದಿ ವಸುಮತಿಗೆ ಮುಟ್ಟಿತು. ಅವಳು ತಾನೇ ಕೆಳಗಿಳಿದು ಬಂದು ಮುದುಕಿಯ ಜೊಲ್ಲನ್ನೂ ದಾನೇಶ್ವರಿಯ ಜೊಲ್ಲನ್ನೂ ಹೊಸದಾಗಿ ತೆಗೆದುಕೊಂಡಳು. ದಾನೇಶ್ವರಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿದ್ದದ್ದು ಶಂಕ್ರವ್ವನ ಬರಹ. ಕೂಸಿನಲ್ಲಿದ್ದದ್ದು ದಾನೇಶ್ವರಿಯ ಬರಹ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಅದನ್ನು ಹಿಡಿದುಕೊಂಡು ಪ್ರಭಂಜನ್ ಕೋಣೆಗೆ ಹೋದಳು.

"ದಾಖಲೆ ತಿದ್ದಬೇಕು ಸರ್. ಇವತ್ತೇ. ಮಗುವಿಗೆ ಔಷಧ ಕೊಡಬೇಕು."

ಆತ ಕೆಟ್ಟ ಮನುಷ್ಯನಲ್ಲ. ಟೇಬಲ್ಲಿನ ಮೇಲೆ ತನ್ನ ಇಬ್ಬರು ಮಕ್ಕಳ ಚಿತ್ರ ಇಟ್ಟುಕೊಂಡಿದ್ದ. ಅದನ್ನು ತುಸು ಪಕ್ಕಕ್ಕೆ ಸರಿಸಿ ಹೇಳಿದ.

"ಒಂದು ತಿದ್ದಿದ್ರೆ, 'ಇನ್ನೆಷ್ಟು ತಪ್ಪಿದೆ' ಅಂತ ಕೇಳ್ತಾರೆ. ಪ್ರಮಾಣಪತ್ರ ಬಿದ್ದುಹೋಗುತ್ತೆ. ಕೊಂಡವರು ವಾಪಸ್ ಕೇಳ್ತಾರೆ. ಔಷಧದ ಪರವಾನಗಿ ನಿಂತಿರೋದೇ ಈ ಬರಹಗಳ ಮೇಲೆ. ಅದು ಹೋದ್ರೆ ಈಗ ಔಷಧ ತಗೋತಿರೋ ಮಕ್ಕಳ ಗತಿ ಏನು, ಹೇಳಿ?"

"ಈ ಮಗುವಿನ ಗತಿ?"

"ಅದಕ್ಕೂ ದಾರಿ ಇದೆ. ಮಗು ತಂದೆಯದು ಅನ್ನೋದರಲ್ಲಿ ಅನುಮಾನ ಇಲ್ಲ. ತಂದೆ ಕಡೆಯಿಂದ ಔಷಧಕ್ಕೆ ಹಕ್ಕಿದೆ. ಯಂತ್ರ ತಡೀತಿರೋದು ತಾಯಿಯ ದಾಖಲೆ ತಾಳೆ ಆಗ್ತಿಲ್ಲ ಅಂತ. ಆಕೆ 'ಇದು ನನ್ನ ಹೊಟ್ಟೇಲಿ ಹುಟ್ಟಿದ್ದಲ್ಲ' ಅಂತ ಹೇಳಿಕೆ ಕೊಟ್ರೆ, ತಾಯಿ ಯಾರೋ ಗೊತ್ತಿಲ್ಲ ಅಂತ ಬರ್ಕೊಂಡು ಔಷಧ ಬಿಟ್ಟುಬಿಡುತ್ತೆ. ಅರ್ಧ ಗಂಟೆ ಕೆಲಸ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾವು ಎಂದರೆ ಇಲ್ಲಿ ಒಬ್ಬ ತಾಯಿ ಎಂಬುದು ಆತನ ಲೆಕ್ಕಕ್ಕೆ ಬರಲಿಲ್ಲ. ವಸುಮತಿಗೆ ಬಂತು. ದಾಖಲೆ ತಿದ್ದಿಸಲು ಕೋರ್ಟಿಗೆ ಹೋದರೆ ಕೂಸು ಅಲ್ಲಿಯ ತನಕ ಬದುಕುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ದಾನೇಶ್ವರಿಯ ಪಕ್ಕದಲ್ಲಿ ಕೂತು ಅವಳು ಇದನ್ನು ಹೇಳಿದಳು. "ಒಮ್ಮೆ ಹೇಳಿದ್ರೆ ಮತ್ತೆ ತಿರುಗಿಸೋಕೆ ಆಗಲ್ಲ ದಾನೇಶ್ವರಿ. ಸ್ಕೂಲು, ಆಸ್ಪತ್ರೆ, ಎಲ್ಲಾ ಕಡೆ ಈಗ ಈ ದಾಖಲೆಯೇ ನಡೆಯೋದು. ಆಮೇಲೆ ನೀವು 'ಸುಳ್ಳು ಹೇಳಿದ್ದೆ, ನಾನೇ ತಾಯಿ' ಅಂದ್ರೆ ಔಷಧ ನಿಲ್ಲಿಸೋ ಅಧಿಕಾರ ಇವರಿಗಿದೆ. ಮನೆಗೆ ಹೋಗಿ ಯೋಚನೆ ಮಾಡಿ."

"ಯೋಚನಿ ಏನ್ರಿ ಮಾಡೂದು? ಎಲ್ಲಿ ಹೇಳ್ಬೇಕು ಹೇಳ್ರಿ," ಎಂದು ದಾನೇಶ್ವರಿ ಎದ್ದು ನಿಂತಳು.

ಕ್ಯಾಮೆರಾದ ಮುಂದೆ ಕೂಸನ್ನು ಹಿಡಿದುಕೊಂಡು ಕೂರಬಾರದಂತೆ. ಈರಣ್ಣ ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತ. ಅವಳು ಹೇಳಿದಳು. ಅಳುವಿನಲ್ಲಿ ಮಾತು ಕಲಸಿಹೋಯಿತು. ಗೋಡೆಯಲ್ಲಿದ್ದ ಹೆಣ್ಣುದನಿ ಬಲು ಮರ್ಯಾದೆಯಿಂದ, "ಕ್ಷಮಿಸಿ, ಕೇಳಿಸಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಹೇಳಿ," ಎಂದಿತು. ದಾನೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ ನೆಟ್ಟಗೆ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಈ ಕೂಸು ನನ್ನ ಹೊಟ್ಟಿಯೊಳಗ ಹುಟ್ಟಿದ್ದಲ್ಲ."

ಅಷ್ಟರಲ್ಲಿ ಕೂಸಿಗೆ ಹಸಿವಾಗಿ ಅಳು ಶುರುವಾಯಿತು. ಅವಳ ರವಿಕೆ ನೆನೆಯಿತು. ಗೋಡೆಯ ದನಿ 'ಧನ್ಯವಾದಗಳು' ಎಂದಿತು.

ಬ್ಯಾಂಕಿನದೇ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ಕೂಸನ್ನು ಗಾಜಿನ ಕೋಣೆಯಲ್ಲಿಟ್ಟರು. ಒಳಗೆ ರಕ್ತಸಂಬಂಧಿಗಳು ಮಾತ್ರ. ತಂದೆ ಹೋಗಬಹುದು, ತಂದೆಯ ತಾಯಿ ಹೋಗಬಹುದು. ಹೀಗಾಗಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಶಂಕ್ರವ್ವ ಒಳಗೆ ಕೂತಳು, ದಾನೇಶ್ವರಿ ಗಾಜಿನಾಚೆ ನಿಂತಳು. ಮುದುಕಿ ಒಂದೇ ಸಮನೆ ಅವಳ ಮುಖ ನೋಡುತ್ತಿದ್ದಳು. ಒಳಗಿನ ಮಾತು ಹೊರಗೆ ಕೇಳುತ್ತಿರಲಿಲ್ಲ. ತುಟಿ ಅಲುಗಿದ್ದನ್ನು ನೋಡಿ, 'ನನ್ನ ಬಾಯಿಗಿಷ್ಟು ಮಣ್ಣು ಹಾಕ' ಎನ್ನುತ್ತಿದ್ದಾಳೆ ಎಂದು ದಾನೇಶ್ವರಿಗೆ ತಿಳಿಯಿತು. ಅವಳು ತಲೆ ಅಲ್ಲಾಡಿಸಿ ಬೇಡ ಎಂದಳು.

ಹಾಲನ್ನು ಮಾತ್ರ ತೆಗೆದುಕೊಳ್ಳಲು ಅವರು ಒಪ್ಪಿದರು. ಹೊರಗಿನ ಒಂದು ಕೋಣೆಯಲ್ಲಿ ಅವಳು ಬಾಟಲಿಗೆ ಹಿಂಡಿ ಕೊಡುತ್ತಿದ್ದಳು. ನರ್ಸು ಅದಕ್ಕೆ 'ದಾನಿಯ ಹಾಲು' ಎಂದು ಚೀಟಿ ಅಂಟಿಸಿ ಒಳಗೆ ಒಯ್ಯುತ್ತಿದ್ದಳು. ಇಂಥ ಧಾರಾಳ ಮನಸ್ಸಿನವರು ಈಗಿನ ಕಾಲದಲ್ಲಿ ಅಪರೂಪ ಎಂದು ಒಂದು ದಿನ ಹೊಗಳಿಯೂ ಹೊಗಳಿದಳು. ದಾನೇಶ್ವರಿ 'ಹೌದ್ರಿ' ಎಂದಳು.

ಕೂಸಿನ ಕತ್ತು ನಿಂತಿತು. ಕೈಗೆ ಬಲ ಬಂತು. ಕಾಲಿಗೆ ಬರಲಿಲ್ಲ, ಬರುವುದೂ ಇಲ್ಲ ಎಂದರು ವೈದ್ಯರು. ಹುಟ್ಟಿದೊಡನೆ ಕೊಟ್ಟಿದ್ದರೆ ಓಡುತ್ತಿತ್ತು ಎಂದು ಅವರು ಹೇಳದಿದ್ದರೂ ಆಗುತ್ತಿತ್ತು. ಹೇಳಿದರು.

ವಸುಮತಿ ತನ್ನ ಕೋಣೆಗೆ ಹೋಗಿ, ನೂಲಿಹಾಳದ ಮಟ್ಟಿಗೆ ತಾನೇ ಆರಿಸಿದ್ದ ಎಚ್ಚರಿಕೆಯನ್ನು ಮತ್ತೆ ಹಚ್ಚಿದಳು. ಗೋಡೆ ಕೆಂಪಾಯಿತು. ಈ ಸಲ ಅವಳು ಯಂತ್ರವನ್ನು ಬೇರೆ ಪ್ರಶ್ನೆ ಕೇಳಿದಳು. ಸೋದರಮಾವ ಮತ್ತು ಅಕ್ಕನ ಮಗಳ ರಕ್ತದಲ್ಲಿ ಕಾಲು ಭಾಗ ಒಂದೇ ಇರುತ್ತದೆ, ಅವರನ್ನು ಬಿಡು. ಅರ್ಧದಷ್ಟು ಒಂದೇ ಇರುವ ಗಂಡ ಹೆಂಡತಿಯರನ್ನು ತೋರಿಸು. ಅರ್ಧ ಎಂದರೆ ತಾಯಿ ಮತ್ತು ಮಗ. ಭೂಮಿಯ ಮೇಲಿನ ಯಾವ ಊರಿನಲ್ಲೂ ಮಗ ತಾಯಿಯನ್ನು ಮದುವೆಯಾಗುವುದಿಲ್ಲ.

ಈರಣ್ಣನ ಮನೆಯ ದೀಪ ಹತ್ತಿತು. ಅದರ ಪಕ್ಕದ್ದು ಹತ್ತಿತು. ಹಿಂದಿನ ಓಣಿಯಲ್ಲಿ ಒಂದರ ಹಿಂದೆ ಒಂದು ಹತ್ತುತ್ತ ಹೋದವು. ಆ ಸೋಮವಾರ ನೂಲಿಹಾಳದ ಪ್ರತಿ ಮನೆಯಲ್ಲೂ ಎಡೆ ಇತ್ತು; ಪ್ರತಿ ಒಲೆಯ ಮುಂದೆಯೂ ಒಬ್ಬ ಕಿರಿ ಸೊಸೆ ಬಾಯಿ ಕಟ್ಟಿಕೊಂಡು ಕೂತಿದ್ದಳು; ಪಕ್ಕದಲ್ಲಿ ಬ್ಯಾಂಕಿನವರು ಬೇಡವೆಂದ ಒಬ್ಬ ಅತ್ತೆ ಇದ್ದಳು. ವಸುಮತಿ ಕುರ್ಚಿಯಲ್ಲಿ ಕೂತೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಗುಡಿಯ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದವಳು, ಸೋಮವಾರ ನಿಮ್ಮ ಮನೆಯಲ್ಲಿ ಏನು ವಿಶೇಷ ಎಂದು ಒಂದು ಮಾತು ಕೇಳಿರಲಿಲ್ಲ.

ಪ್ರಭಂಜನ್‌ಗೆ ಹೇಳಲು ಅವಳು ಹೋಗಲಿಲ್ಲ. ರಾಜೀನಾಮೆ ಕಳಿಸಿ, ಸರಕಾರಿ ಆಸ್ಪತ್ರೆಯ ಒಬ್ಬ ನರ್ಸನ್ನು ಕರೆದುಕೊಂಡು ನೂಲಿಹಾಳಕ್ಕೆ ಹೋದಳು. ಸಂಜೆ ಗುಡಿಯ ಅಂಗಳದಲ್ಲಿ ಹೆಂಗಸರೆಲ್ಲ ಕೂಡಿದರು. ಶಂಕ್ರವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ದಾನೇಶ್ವರಿ ಬಂದಿರಲಿಲ್ಲ.

"ಎಚ್ಚರಿಕೆ ಆರಿಸಿದ್ದು ನಾನು. ತಪ್ಪು ನನ್ನದು," ಎಂದು ವಸುಮತಿ ಮೊದಲು ಹೇಳಿದಳು. "ಆವತ್ತು ಮಡಿಯಲ್ಲಿದ್ದ ಸೊಸೆಯ ಬದಲು ಯಾರಾದ್ರೂ ನಳಿಕೆ ತುಂಬಿಸಿದ್ರೆ ದಯವಿಟ್ಟು ಕೈ ಎತ್ತಿ. ಯಾರಿಗೂ ಶಿಕ್ಷೆ ಇಲ್ಲ. ಮನೇಲಿ ಕೂಸಿದ್ರೆ ಇವತ್ತೇ ಒಂದು ಹನಿ ರಕ್ತ ನೋಡಿಸಬೇಕು, ಅಷ್ಟೇ."

ಸೊಸೆಯರ ಎದುರು ಅತ್ತೆಯರು, ಅತ್ತೆಯರ ಎದುರು ಸೊಸೆಯರು. ಕಡೆಗೆ ಕಂಬದ ಹತ್ತಿರದಿಂದ ಒಂದು ಸುಕ್ಕು ಕೈ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ ಎದ್ದವು, ಹಸಿರು ಬಳೆಯವು, ಬೋಳು ಕೈಯವು. ಹಿಂದೆ ಕೂತಿದ್ದ ಎಳೆ ಬಾಣಂತಿಯೊಬ್ಬಳು ಆ ಕೈಗಳನ್ನು ನೋಡಿ, ಮಡಿಲಿನ ಕೂಸಿನ ಕತ್ತಿನ ಕೆಳಗೆ ಮೆಲ್ಲನೆ ಅಂಗೈ ಇಟ್ಟಳು.

ಶಂಕ್ರವ್ವ ಕೈ ಎತ್ತಲಿಲ್ಲ. ಎತ್ತಿದರೆ ಸೊಸೆಯ ಹೇಳಿಕೆ ಸುಳ್ಳಾಗುತ್ತದೆ, ಸುಳ್ಳಾದರೆ ಮೊಮ್ಮಗಳ ಮುಂದಿನ ಚುಚ್ಚುಮದ್ದು ನಿಲ್ಲುತ್ತದೆ. ನನ್ನನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಹಂಬಲಿಸಿದ್ದ ಹೆಂಗಸು ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತ ಕೂತಳು. ವಸುಮತಿಯ ಕಣ್ಣು ಅವಳ ಮೇಲೆ ಒಮ್ಮೆ ನಿಂತು ಬೇರೆ ಕಡೆ ಹೊರಳಿತು.

ಆ ಸಂಜೆಯ ರಕ್ತದಿಂದ ಕೆಲವು ಕೂಸುಗಳು ಉಳಿದವು. ತೊಟ್ಟಿಲಲ್ಲಿದ್ದವು ಓಡಾಡುವ ಮಕ್ಕಳಾದವು. ಊರವರು ಕೋರ್ಟಿಗೆ ಹೋದರು. ಮಡಿಯ ದಿನ ಅರಿಯದೆ ಆದದ್ದು ತಪ್ಪು, ಮೋಸವಲ್ಲ, ಅವರ ದಾಖಲೆ ತಿದ್ದಿ ಔಷಧ ಕೊಡಿ ಎಂದು ಕೋರ್ಟು ಹೇಳಿತು. ಕ್ಯಾಮೆರಾದ ಮುಂದೆ ಕೂತು ತಿಳಿದೂ ತಿಳಿದೂ ಸುಳ್ಳು ಹೇಳಿದವರ ಬಗ್ಗೆ ಕೋರ್ಟು ಏನೂ ಹೇಳಲಿಲ್ಲ. ಅಂಥವರು ಯಾರೂ ಅದರ ಮುಂದೆ ಹೋಗಿರಲಿಲ್ಲ. ವಂಶನಿಧಿ ಹೆಸರು ಬದಲಿಸಿಕೊಂಡು ಬೇರೆ ಜಿಲ್ಲೆಯಲ್ಲಿ ಅಂಗಡಿ ತೆರೆಯಿತು, ಅದರ ಆಸ್ಪತ್ರೆಯೂ ದಾಖಲೆಗಳೂ ಮಾತ್ರ ಹಾಗೇ ಉಳಿದವು. ನೂಲಿಹಾಳದ ಸೊಸೆಯರೆಲ್ಲ ತಮ್ಮ ತಮ್ಮ ನಳಿಕೆಯಲ್ಲಿ ತಾವೇ ಉಗುಳಿ ಬಂದರು. ದಾನೇಶ್ವರಿ ಆ ಸಾಲಿನಲ್ಲಿ ನಿಲ್ಲಲಿಲ್ಲ. ಅವಳು ಮತ್ತೆ ಬಸಿರಾಗಲೂ ಇಲ್ಲ.

ಬನಶ್ರೀಗೆ ಈಗ ಮೂರು ತುಂಬಿದೆ. ಮಾತು ಕಲಿತಿದ್ದಾಳೆ, ಬಾಯಿ ತೆರೆದರೆ ಮಗ್ಗದ ಲಾಳಿಯಂತೆ ನಿಲ್ಲುವುದೇ ಇಲ್ಲ. ಅದೇ ಭಯ. ಹೋದ ವಾರವೆಲ್ಲ ದಾನೇಶ್ವರಿ ಅವಳಿಗೆ ಮನೆಯಲ್ಲಿ ಒಂದು ಆಟ ಕಲಿಸಿದಳು. ಆಸ್ಪತ್ರೆಯ ಆಟ. ಈರಣ್ಣ ಡಾಕ್ಟರು, ಶಂಕ್ರವ್ವ ನರ್ಸು. ಸರಿಯಾಗಿ ಹೇಳಿದರೆ ಒಂದು ತುಂಡು ಬೆಲ್ಲ. ತಪ್ಪಿದರೆ ಬೆಲ್ಲ ಇಲ್ಲ. ಮೊದಲೆರಡು ದಿನ ಮಗುವಿಗೆ ಬೆಲ್ಲ ಸಿಗಲಿಲ್ಲ.

ಚುಚ್ಚುಮದ್ದಿನ ದಿನ ಆಸ್ಪತ್ರೆಯ ಬಾಗಿಲಲ್ಲಿ ಹೊಸ ನರ್ಸು ಪರದೆ ಹಿಡಿದು ನಿಂತಿದ್ದಳು. ತಂದೆಯ ಹೆಸರು ನೋಡಿದಳು, ಅಜ್ಜಿಯ ಹೆಸರು ನೋಡಿದಳು, ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತ ಹೆಂಗಸನ್ನು ನೋಡಿದಳು. ಮೂಗು, ಹುಬ್ಬು, ಗಲ್ಲದ ಗುಳಿ ಎರಡು ಮುಖದಲ್ಲೂ ಒಂದೇ.

"ನೀವು ಏನಾಗಬೇಕ್ರಿ ಈ ಕೂಸಿಗೆ?"

ದಾನೇಶ್ವರಿ ಮಗುವನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು. ಅವಳು ಹೇಳಬೇಕೆಂದುಕೊಂಡ ಮಾತು ಹೊರಡುವ ಮೊದಲೇ ಬನಶ್ರೀ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನೆನಪಾಯಿತೆಂಬ ಹೆಮ್ಮೆಯಿಂದ ಮಗುವಿನ ಕಣ್ಣು ಅರಳಿತ್ತು.

"ಅಕ್ಕ," ಎಂದಳು ನರ್ಸಿಗೆ. "ಇಕಿ ನಮ್ಮ ಅಕ್ಕ."

"ಶಾಣ್ಯಾ ಅದಾಳ ನೋಡ," ಎಂದು ನರ್ಸು ನಕ್ಕು, ಮಗುವನ್ನು ಎತ್ತಿ ಶಂಕ್ರವ್ವನ ಕೈಗೆ ಕೊಟ್ಟಳು.

ಬಾಗಿಲು ಮುಚ್ಚಿಕೊಂಡಿತು. ದಾನೇಶ್ವರಿ ಹೊರಗಿನ ಬೆಂಚಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಮಗಳಿಗೆ ಕೊಡಬೇಕಾದ ಬೆಲ್ಲವನ್ನು ಕೈಯಲ್ಲಿ ಹಿಡಿದುಕೊಂಡಳು.